ಹಳೆಯ ಫಿಯಟ್ಟಿನಲ್ಲಿ ಘಟ್ಟದ ಕೆಳಗೆ

ಹಾಸನದಿಂದ ಉಜಿರೆಗೆ ಹೋಗುವುದು ದೊಡ್ಡ ಸಾಹಸವೇನಲ್ಲ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಟ್ಟವನ್ನಿಳಿದರೆ ಆಯಿತು. ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾರೆ. ನಮಗೆ ಮಾತ್ರ ಬೆಳಗಿನ ಆರು ಗಂಟೆಯಿಂದ ಸಂಜೆಯ ಆರರವರೆಗೆ ಹಿಡಿಯಿತು. ಇದರ ಹೊಣೆಯನ್ನು ದಾರಿಯ ಮೇಲೆ ಹೊರಿಸಲಾರೆ. ನಾವು ಕುಳಿತಿದ್ದ ಕಾರನ್ನು ನನಗಿಂತ ಮೊದಲು ಇಟ್ಟುಕೊಂಡಿದ್ದವರು ಅದಕ್ಕೆ ಮಾಡಿಸಿದ್ದ ರಿಪೇರಿಗಳೇ ಇದಕ್ಕೆ ಕಾರಣ. ಆ ರಿಪೇರಿಗಳ ಕಥೆಯನ್ನು ಹೇಳದೆ ಈ ಪ್ರವಾಸದ ಕಥೆಯನ್ನು ಹೇಳುವಂತಿಲ್ಲ.

ಕಾರು ೧೯೬೬ರ ಫಿಯಟ್ ೧೧೦೦ ಡಿಲೈಟ್. ಇಟಲಿಯ ಫಿಯಟ್ ಕಂಪೆನಿಯ ಪರವಾನಗಿ ಪಡೆದು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸಿದುದು. ೧೦೮೯ ಸಿ.ಸಿ.ಯ ಪುಟ್ಟ ಎಂಜಿನು, ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಕೋಲು, ಮುಂದೆ ಮೂವರು ಒತ್ತಿಕೊಂಡು ಕೂಡಬಹುದಾದ ಒಂದೇ ಉದ್ದನೆಯ ಸೀಟು. ಇದೇ ಕಾರು ೧೯೭೪ರಲ್ಲಿ ‘ಪದ್ಮಿನಿ’ ಎಂಬ ಹೆಸರನ್ನು ಪಡೆದು, ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಲೋಕಪ್ರಸಿದ್ಧವಾಯಿತು. ೨೦೨೩ರ ಅಕ್ಟೋಬರಿನ ಕೊನೆಯಲ್ಲಿ ಆ ಟ್ಯಾಕ್ಸಿಗಳೂ ಬೀದಿಯಿಂದ ಮರೆಯಾದುವು. ನಮ್ಮ ಕಾರಿನ ಫಲಕದ ಮೇಲಿನ ಅಕ್ಷರಗಳು ಇನ್ನೂ ‘ಎಂ.ವೈ.’ ಎಂದೇ ಆರಂಭವಾಗುತ್ತವೆ. ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದ ಗುರುತು ಅದು. ೧೯೭೩ರಲ್ಲಿ ರಾಜ್ಯದ ಹೆಸರು ಬದಲಾಯಿತು, ಕಾರಿನದು ಬದಲಾಗಲಿಲ್ಲ.

೧೯೮೫ರಲ್ಲಿ ನಮ್ಮ ತಂದೆಯವರು ಇದನ್ನು ಕೊಂಡಾಗಲೇ ಇದು ಇಬ್ಬರ ಕೈ ದಾಟಿ ಬಂದಿತ್ತು. ತಂದೆಯವರು ಹೈಸ್ಕೂಲಿನ ಮೇಷ್ಟ್ರು. ಊರಿನಲ್ಲಿ ಯಾರ ಮನೆಯ ಮದುವೆಯಿರಲಿ, ಯಾರ ಮನೆಯ ಹೆರಿಗೆಯಿರಲಿ, ಮೇಷ್ಟ್ರ ಕಾರು ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ೧೯೯೯ರಲ್ಲಿ ಅಕ್ಕನ ಮದುವೆಗೆ ಹಣ ಸಾಲದೆ ಬಂದಾಗ ಅದನ್ನು ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ರೈಟರಿಗೆ ಮಾರಿದರು. ಆಗ ನನಗೆ ಹತ್ತು ವರ್ಷ. ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಜಗಲಿಯ ಕಂಬವನ್ನು ಹಿಡಿದುಕೊಂಡು ಅತ್ತುದು ನನಗೆ ಚೆನ್ನಾಗಿ ನೆನಪಿದೆ. ಇಪ್ಪತ್ತೈದು ವರ್ಷಗಳ ಮೇಲೆ, ಅದು ಅದೇ ರೈಟರ ಮನೆಯ ಕೊಟ್ಟಿಗೆಯಲ್ಲಿ ಕಾಫಿ ಚೀಲಗಳ ಹಿಂದೆ ನಿಂತಿರುವ ಸುದ್ದಿ ಕಿವಿಗೆ ಬಿದ್ದಿತು. ಹೋಗಿ ಕೊಂಡುತಂದೆ. ತಂದೆಯವರು ಹಿಗ್ಗುವರೆಂದು ಭಾವಿಸಿದ್ದೆ. ಅವರು ಕಾರಿನ ಸುತ್ತ ಒಮ್ಮೆ ನಡೆದು ಬಂದು, “ಬ್ರೇಕು ನೋಡಿಸಿದೆಯಾ?” ಎಂದಷ್ಟೇ ಕೇಳಿದರು.

ಹಾಸನದ ಗ್ಯಾರೇಜೊಂದರಲ್ಲಿ ಅದನ್ನು ಬಿಚ್ಚತೊಡಗಿದಾಗ ನನಗೆ ಆದ ಅನುಭವವನ್ನು ನನ್ನ ವೃತ್ತಿಯ ಮಾತಿನಲ್ಲಿ ಹೇಳಬೇಕೆಂದರೆ, ಅದು ಓಲೆಗರಿಯ ಪ್ರತಿಯೊಂದನ್ನು ಪರಿಷ್ಕರಿಸಿದ ಅನುಭವ. ಮೂಲ ಕೃತಿ ಎಲ್ಲೋ ಒಳಗಿದೆ; ಅದರ ಮೇಲೆ ಒಬ್ಬೊಬ್ಬ ಲಿಪಿಕಾರನೂ ತನಗೆ ತಿಳಿದಂತೆ ತಿದ್ದಿದ್ದಾನೆ; ತಿಳಿಯದ ಕಡೆ ತನ್ನದನ್ನೇ ಸೇರಿಸಿ ಮುಂದಿನವನಿಗೆ ದಾಟಿಸಿದ್ದಾನೆ. ಬಾಗಿಲ ಕೆಳಗಿನ ತಗಡು ಗಟ್ಟಿಯಾಗಿ ಕಾಣುತ್ತಿತ್ತು. ಮೆಕ್ಯಾನಿಕ್ಕು ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಹಲಗೆಯ ಸದ್ದು. ಕೆರೆದು ನೋಡಿದರೆ ಅಲ್ಲಿ ತಗಡೇ ಇರಲಿಲ್ಲ. ಬೆರಳು ದಪ್ಪದ ಪುಟ್ಟಿ. ಅದರ ಬೆನ್ನಿಗೆ ಆಸರೆಯಾಗಿ ತುರುಕಿದ್ದ ದಿನಪತ್ರಿಕೆಯ ಹಾಳೆ. ಆ ಹಾಳೆಯಲ್ಲಿ ಯಾವುದೋ ಮಂಗಳವಾರದ ಕಾಫಿಯ ಧಾರಣೆ ಇನ್ನೂ ಓದಲು ಬರುತ್ತಿತ್ತು.

ಫ್ಯೂಸಿದ್ದ ಜಾಗದಲ್ಲಿ ದಪ್ಪನೆಯ ತಾಮ್ರದ ತಂತಿ. ಫ್ಯೂಸು ಎಂಬುದು ಮನೆಯವರಿಗಾಗಿ ಮೊದಲು ತಾನು ಸಾಯುವ ಕಾವಲುಗಾರ. ವಿದ್ಯುತ್ತು ಮಿತಿಮೀರಿದಾಗ ತಾನು ಕರಗಿ ಉಳಿದ ತಂತಿಗಳನ್ನು ಕಾಪಾಡುತ್ತದೆ. ಸಾಯದ ಕಾವಲುಗಾರನನ್ನು ಇಟ್ಟರೆ ಮನೆಯೇ ಉರಿದುಹೋಗುತ್ತದೆ. ರೇಡಿಯೇಟರಿನ ನಳಿಗೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಎಂಜಿನಿನ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನು ಯಾರೋ ಕಿತ್ತೇ ಎಸೆದಿದ್ದರು. ನೀರು ಕುದಿಯುತ್ತದೆಂಬ ಭಯಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದ ಚಿಕಿತ್ಸೆ ಇದು. ಇದರಿಂದ ಮಲೆನಾಡಿನ ಚಳಿಯಲ್ಲಿ ಎಂಜಿನು ಬಿಸಿಯಾಗುವುದೇ ಇಲ್ಲ, ಪೆಟ್ರೋಲು ಮಾತ್ರ ನೀರಿನಂತೆ ಖರ್ಚಾಗುತ್ತದೆ. ಪೆಟ್ರೋಲು ಟ್ಯಾಂಕಿನ ಬಿರುಕಿಗೆ ಬಟ್ಟೆ ಸೋಪನ್ನು ತಿಕ್ಕಿ ಮುಚ್ಚಿದ್ದರು. ನಗಬೇಡಿ, ಪೆಟ್ರೋಲಿನಲ್ಲಿ ಸೋಪು ಕರಗುವುದಿಲ್ಲವಾದ್ದರಿಂದ ಈ ಉಪಾಯ ನಿಜವಾಗಿಯೂ ಕೆಲಸ ಮಾಡುತ್ತದೆ. ನೀರಿನಲ್ಲಿ ಕರಗುತ್ತದೆಯಷ್ಟೆ, ಆದುದರಿಂದ ಪ್ರತಿ ಮಳೆಗಾಲಕ್ಕೂ ಹೊಸದಾಗಿ ತಿಕ್ಕಬೇಕು.

ಇವರನ್ನೆಲ್ಲ ಹಳಿಯುವ ಮೊದಲು ಅವರ ಕಾಲವನ್ನು ನೆನೆಯುವುದು ನ್ಯಾಯ. ಲೈಸೆನ್ಸುಗಳ ಆ ದಿನಗಳಲ್ಲಿ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೊರದೇಶದಿಂದ ಸಾಮಾನು ತರಿಸಲು ಕಟ್ಟುಪಾಡುಗಳಿದ್ದುವು. ಹಳ್ಳಿಯ ಮೆಕ್ಯಾನಿಕ್ಕಿನ ಬಳಿ ಇದ್ದುದು ಸ್ಪ್ಯಾನರು, ಸುತ್ತಿಗೆ ಮತ್ತು ಬುದ್ಧಿ. ಅದರಿಂದಲೇ ಅವನು ಕಾರುಗಳನ್ನು ನಡೆಸಿದನು. ಆದರೂ ಗ್ಯಾರೇಜಿನಲ್ಲಿ ನಿಂತು ಒಂದೊಂದು ತೇಪೆ ಹೊರಬಿದ್ದಾಗಲೂ ನಾನು ಆ ಅಜ್ಞಾತ ಪೂರ್ವಿಕರಿಗೆ ಶಾಪ ಹಾಕುತ್ತಿದ್ದುದು ನಿಜ. ಅವರ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರೂ ಇದೆಯೆಂಬುದು ಆಗ ನನಗೆ ಹೊಳೆಯಲಿಲ್ಲ.

ಕೊನೆಗೆ ಮೆಕ್ಯಾನಿಕ್ಕು ಬ್ರೇಕಿಗೆ ಹೊಸ ಆಯಿಲು ತುಂಬಿ ಗಾಳಿ ತೆಗೆದನು. “ಮೂರು ಚಕ್ರದಲ್ಲಿ ಆಯಿಲ್ ಬಂತು ಸಾರ್. ಹಿಂದಿನ ಎಡಗಡೆಯದರ ಸ್ಕ್ರೂ ತುಕ್ಕು ಹಿಡಿದು ಕೂತಿದೆ. ಜಾಸ್ತಿ ತಿರುಗಿಸಿದರೆ ಮುರಿಯುತ್ತೆ. ಪೆಡಲು ಗಟ್ಟಿಯಾಗಿದೆ, ಪರವಾಗಿಲ್ಲ” ಎಂದನು. ನನಗೂ ಅವಸರ. ನಾನೂ “ಪರವಾಗಿಲ್ಲ” ಎಂದೆ.

೨೦೨೪ರ ಡಿಸೆಂಬರಿನ ಒಂದು ಬೆಳಗ್ಗೆ, ಅಕ್ಕನ ಮದುವೆಗಾಗಿ ಮಾರಿದ್ದ ಕಾರನ್ನು ಅಕ್ಕನಿಗೇ ತೋರಿಸೋಣವೆಂದು ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅಕ್ಕನ ಮನೆ ಉಜಿರೆಯಲ್ಲಿ. ಬ್ರೇಕು ಒತ್ತಿದಾಗ ಕಾರು ತುಸು ಬಲಕ್ಕೆ ವಾಲುತ್ತಿತ್ತು. ಮುಂದಿನ ಚಕ್ರಗಳ ಅಲೈನ್‌ಮೆಂಟಿನ ದೋಷವಿರಬೇಕೆಂದು ಸಮಾಧಾನ ಹೇಳಿಕೊಂಡೆ. ತಂದೆಯವರು ದಾರಿಯನ್ನು ನೋಡುತ್ತಿರಲಿಲ್ಲ; ಬ್ರೇಕಿನ ಮೇಲಿದ್ದ ನನ್ನ ಕಾಲನ್ನು ನೋಡುತ್ತಿದ್ದರು.

ಬೇಲೂರಿನಲ್ಲಿ ಎಂಜಿನಿಗೆ ವಿಶ್ರಾಂತಿ ಕೊಟ್ಟು ಚೆನ್ನಕೇಶವನ ದರ್ಶನಕ್ಕೆ ಹೋದೆವು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ಗುಡಿಯನ್ನು ವರ್ಣಿಸುವ ಧೈರ್ಯ ನನಗಿಲ್ಲ. ೨೦೨೩ರಲ್ಲಿ ಹಳೆಯಬೀಡು, ಸೋಮನಾಥಪುರಗಳೊಂದಿಗೆ ಇದು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಆ ದಿನ ನನ್ನ ಕಣ್ಣು ಮದನಿಕೆಯರ ಮೇಲೆ ನಿಲ್ಲಲಿಲ್ಲ, ರಿಪೇರಿಗಳನ್ನೇ ಹುಡುಕುತ್ತಿತ್ತು. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, ೧೩೮೧ರಲ್ಲಿ, ಗುಡಿಗೆ ಆಸರೆಯಾಗಿ ನಾಲ್ಕು ಕಣಶಿಲೆಯ ಕಂಬಗಳನ್ನು ಕೊಟ್ಟರು. ಹೊಯ್ಸಳರದು ಬೆಣ್ಣೆಯಂತೆ ಕೆತ್ತನೆಗೆ ಒಲಿಯುವ ಬಳಪದ ಕಲ್ಲು. ಈ ಕಂಬಗಳದು ಬೇರೆ ಕಲ್ಲು, ಬೇರೆ ಕೈ. ಗರ್ಭಗುಡಿಯ ಮೇಲಿನ ಶಿಖರ ಶಿಥಿಲವಾದಾಗ ಕೆಳಗಿನದನ್ನು ಉಳಿಸುವುದಕ್ಕಾಗಿ ೧೮೭೯ರಲ್ಲಿ ಅದನ್ನು ಇಳಿಸಿಬಿಟ್ಟರು. ಇಂದಿಗೂ ಗುಡಿಗೆ ಶಿಖರವಿಲ್ಲ. ಆಸರೆ ಕೊಟ್ಟಲ್ಲಿ ಆಸರೆ ಕಾಣುತ್ತದೆ, ಇಲ್ಲವಾದುದು ಇಲ್ಲವೆಂದೇ ಕಾಣುತ್ತದೆ. ನೋಡುವವನಿಗೆ ಮೋಸವಿಲ್ಲ.

ನಮ್ಮ ಶಾಸನಗಳಲ್ಲಿ ಗುಡಿಗೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು ಸರಿಪಡಿಸುವ ವೆಚ್ಚಕ್ಕೆಂದು ಮೊದಲೇ ಏರ್ಪಾಡು! ಕಟ್ಟಿದುದು ಒಂದು ದಿನ ಒಡೆಯುತ್ತದೆಂಬುದನ್ನು ಆ ಜನ ಕಟ್ಟುವ ದಿನವೇ ಒಪ್ಪಿಕೊಂಡಿದ್ದರು. ದಾನ ಕೊಟ್ಟವನಿಗಿಂತ ಅದನ್ನು ಕಾಪಾಡಿದವನ ಪುಣ್ಯ ಹೆಚ್ಚೆಂದೂ ಶಾಸನಗಳು ಸಾರುತ್ತವೆ. ಇದನ್ನೆಲ್ಲ ನಾನು ತರಗತಿಯ ಉತ್ಸಾಹದಲ್ಲಿ ವಿವರಿಸುತ್ತಿದ್ದಾಗ ತಂದೆಯವರು, “ಸಾಕು, ಹೊತ್ತಾಗುತ್ತದೆ, ಘಟ್ಟದಲ್ಲಿ ಮಂಜು ಬೀಳುತ್ತದೆ” ಎಂದು ಎದ್ದರು.

ಮೂಡಿಗೆರೆ ದಾಟಿದ ಮೇಲೆ ದಾರಿಯ ಎರಡು ಕಡೆಗೂ ಕಾಫಿ, ಅದರ ಮೇಲೆ ಸಿಲ್ವರ್ ಮರಗಳು, ಅವನ್ನು ಹಬ್ಬಿದ ಮೆಣಸಿನ ಬಳ್ಳಿ. ಹಣ್ಣು ಕೊಯ್ಯುವ ಕಾಲ. ಅಂಗಳಗಳಲ್ಲಿ ಕಾಫಿ ಹರಡಿದ ವಾಸನೆ ಗಾಳಿಯಲ್ಲಿತ್ತು. ಇದು ಪೂರ್ಣಚಂದ್ರ ತೇಜಸ್ವಿಯವರು ೨೦೦೭ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ ಸೀಮೆ. ಕಾಡು, ಮೀನು, ಹಕ್ಕಿಗಳಷ್ಟೇ ಕುತೂಹಲದಿಂದ ಯಂತ್ರಗಳನ್ನೂ ಬಿಚ್ಚಿ ನೋಡಿದ ಲೇಖಕರು ಅವರು. ಬಣಕಲ್ಲಿನಲ್ಲಿ ರೇಡಿಯೇಟರಿಗೆ ನೀರು ಹುಯ್ದು, ಅವರ ಹೆಸರಿನ ಪ್ರತಿಷ್ಠಾನವಿರುವ ಕೊಟ್ಟಿಗೆಹಾರವನ್ನು ತಲುಪುವ ವೇಳೆಗೆ ಮಧ್ಯಾಹ್ನ ಎರಡು ಗಂಟೆ. ಅಂಗಡಿಯ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿದೆವು. ರಸ್ತೆಯಾಚೆಯ ಹಳೆಯ ಅಂಗಡಿಯೊಂದರ ಮುಚ್ಚಿದ ಬಾಗಿಲನ್ನು ತಂದೆಯವರು ಬಹಳ ಹೊತ್ತು ನೋಡುತ್ತಿದ್ದರು. “ಏನಪ್ಪಾ?” ಎಂದೆ. “ಏನಿಲ್ಲ, ನಡಿ” ಎಂದರು.

ಚಾರ್ಮಾಡಿಯು ತುಮಕೂರಿನಿಂದ ಮಂಗಳೂರಿಗೆ ಹೋಗುವ ೭೩ನೆಯ ಹೆದ್ದಾರಿಯ ಘಟ್ಟ. ಒಂದು ಕಡೆ ಜಿನುಗುವ ಬಂಡೆ, ಇನ್ನೊಂದು ಕಡೆ ಬೆಟ್ಟಗಳ ಬೆನ್ನಿನ ಮೇಲೆ ಬೆಟ್ಟ ಮಲಗಿದ ಕಣಿವೆ. ೨೦೧೯ರ ಆಗಸ್ಟಿನಲ್ಲಿ ಮಳೆಗೆ ಗುಡ್ಡ ಕುಸಿದು ದಾರಿಯೇ ಮುಚ್ಚಿಹೋಗಿತ್ತು. ರಸ್ತೆಗೂ ಅಲ್ಲಲ್ಲಿ ತೇಪೆಗಳಿವೆ. ಮೊದಲ ತಿರುವುಗಳನ್ನು ನಿರಾಯಾಸವಾಗಿ ಇಳಿದೆ. ಆಮೇಲೆ ಮಂಜು ಬಂದಿತು. ಹತ್ತು ಮಾರು ಮುಂದಿನದು ಕಾಣದು. ಪ್ರತಿ ಸಲ ಬ್ರೇಕು ಒತ್ತಿದಾಗಲೂ ಕಾರು ಬಲಕ್ಕೆ, ಎಂದರೆ ಎದುರಿನಿಂದ ಏರಿಬರುವ ಲಾರಿಗಳ ಕಡೆಗೆ, ತಿರುಗತೊಡಗಿತು. ಬ್ರೇಕಿನ ಲೈನರು ಸುಟ್ಟ ವಾಸನೆ ಒಳಗೆ ತುಂಬಿತು. ಇನ್ನೊಂದು ತಿರುವಿನಲ್ಲಿ ಪೆಡಲನ್ನು ಒತ್ತಿದರೆ ಅದು ಮೆತ್ತಗೆ, ಹಿಟ್ಟಿನ ಮುದ್ದೆಯಂತೆ ಕೆಳಗಿಳಿಯಿತು.

ಈ ಕಾರುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಇರುವುದು ಒಂದೇ ಆಯಿಲಿನ ದಾರಿ. ಎಲ್ಲಿ ಕೆಟ್ಟರೂ ಎಲ್ಲವೂ ಕೆಟ್ಟಂತೆ. ಬ್ರೇಕನ್ನು ಒತ್ತಿಯೇ ಇಳಿದರೆ ಡ್ರಮ್ಮುಗಳು ಕಾದು, ಆ ಶಾಖಕ್ಕೆ ಒಳಗಿನ ಆಯಿಲು ಕುದಿದು ಆವಿಯಾಗುತ್ತದೆ. ಆಗ ಪೆಡಲು ಒತ್ತುವುದು ಬರಿಯ ಆವಿಯನ್ನು. ನಾನು ಎರಡನೆಯ ಗೇರಿಗೆ, ಮತ್ತೆ ಒಂದನೆಯದಕ್ಕೆ ತಂದು, ಕೈಬ್ರೇಕನ್ನು ಎಳೆದು, ಬಂಡೆಯ ಕಡೆಯ ಚರಂಡಿಯ ಅಂಚಿಗೆ ಕಾರನ್ನು ಹೇಗೋ ನಿಲ್ಲಿಸಿದೆ. ಅಂಗೈಗಳು ಒದ್ದೆಯಾಗಿದ್ದುವು.

ತಂದೆಯವರು ಮುಂದೆಯೇ ನೋಡುತ್ತ ಹೇಳಿದರು: “ಇಳಿದು ಚಕ್ರಗಳನ್ನು ಮುಟ್ಟಿ ನೋಡು. ಹಿಂದಿನ ಎಡಗಡೆಯದು ತಣ್ಣಗಿರುತ್ತದೆ.”

ಮುಟ್ಟಿ ನೋಡಿದೆ. ಮೂರು ಚಕ್ರಗಳ ಬಳಿ ಕೈ ಒಯ್ಯಲಾಗಲಿಲ್ಲ. ಹಿಂದಿನ ಎಡಗಡೆಯದು ಮಂಜಿನಷ್ಟು ತಣ್ಣಗಿತ್ತು. ಆ ಚಕ್ರ ಬ್ರೇಕನ್ನು ಹಿಡಿದೇ ಇರಲಿಲ್ಲ.

ಡ್ರಮ್ಮುಗಳು ಆರುವವರೆಗೆ ನಾವು ಅಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಕುಳಿತಿದ್ದೆವು. ಆಗ ತಂದೆಯವರು ಹೇಳಿದುದು ಇಷ್ಟು. ೧೯೯೮ರ ಆಗಸ್ಟಿನ ಒಂದು ರಾತ್ರಿ ಅಜ್ಜಿಗೆ ಕಾಯಿಲೆ ವಿಷಮಿಸಿ, ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾಯಿತು. ಕೊಟ್ಟಿಗೆಹಾರಕ್ಕೆ ಬಂದಾಗ ಹಿಂದಿನ ಎಡ ಚಕ್ರದ ಸಿಲಿಂಡರಿನಿಂದ ಬ್ರೇಕಿನ ಆಯಿಲೆಲ್ಲ ಸೋರಿಹೋಗಿತ್ತು. ಸುರಿಯುವ ಮಳೆ. ಬಾಗಿಲು ತಟ್ಟಿ ಎಬ್ಬಿಸಿದ ಮೆಕ್ಯಾನಿಕ್ಕು ಲಾಟೀನಿನ ಬೆಳಕಿನಲ್ಲಿ ಕಾರಿನಡಿ ಮಲಗಿ, ಆ ಚಕ್ರಕ್ಕೆ ಹೋಗುವ ಪೈಪಿನ ಬಾಯಿಗೆ ಸೈಕಲ್ಲಿನ ಬಾಲ್ಸ್ ಒಂದನ್ನು ಇಟ್ಟು ನಟ್ಟನ್ನು ಬಿಗಿದನು. ಸೋರುವುದು ನಿಂತಿತು. ಉಳಿದ ಮೂರು ಚಕ್ರಗಳಿಗೆ ಬ್ರೇಕು ಬಂದಿತು. ‘ಮಂಗಳೂರು ಮುಟ್ಟಿಸುತ್ತೆ ಸ್ವಾಮಿ. ಮುಟ್ಟಿದ ಮೇಲೆ ಸರಿ ಮಾಡಿಸಿಬಿಡಿ’ ಎಂದನಂತೆ. ದುಡ್ಡನ್ನೂ ಮುಟ್ಟಲಿಲ್ಲವಂತೆ.

“ನಿನ್ನಜ್ಜಿ ಉಳಿದಳು. ಆಮೇಲೂ ಆರು ವರ್ಷ ಬದುಕಿದ್ದಳು” ಎಂದರು ತಂದೆಯವರು. “ಆಸ್ಪತ್ರೆಯ ಖರ್ಚು, ಆಮೇಲೆ ನಿನ್ನಕ್ಕನ ಮದುವೆ. ಕಾರು ನಡೆಯುತ್ತಿತ್ತಲ್ಲ, ನಾಳೆ ಮಾಡಿಸೋಣ ಎಂದುಕೊಂಡೆ. ಮಾರುವಾಗ ರೈಟರು, ‘ಬ್ರೇಕು ಹೇಗಿದೆ ಮೇಷ್ಟ್ರೇ?’ ಎಂದು ಕೇಳಿದರು. ‘ಚೆನ್ನಾಗಿದೆ’ ಎಂದುಬಿಟ್ಟೆ. ಹೇಳಿದ್ದರೆ ಸಾವಿರ ರೂಪಾಯಿ ಮುರಿಯುತ್ತಿದ್ದರು, ಅಷ್ಟೆ.”

ಸ್ವಲ್ಪ ಹೊತ್ತು ಬಿಟ್ಟು, “ಪೇಪರಿನಲ್ಲಿ ಘಟ್ಟದ ಅಪಘಾತದ ಸುದ್ದಿ ಬಂದಾಗಲೆಲ್ಲ ಕಾರಿನ ನಂಬರು ಹಾಕಿದ್ದಾರೆಯೇ ಎಂದು ನೋಡುತ್ತಿದ್ದೆ” ಎಂದರು.

ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ಮನುಷ್ಯ. ನನಗೆ ಯಾವ ಮಾತೂ ತೋಚಲಿಲ್ಲ. ಹೊರಡುವ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಬಹುದಿತ್ತು. ಇಷ್ಟು ವರ್ಷಗಳಲ್ಲಿ ಯಾರಾದರೂ ಸರಿಪಡಿಸಿರಬಹುದೆಂದು ಅವರು ನಂಬಲು ಬಯಸಿದ್ದರು. ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಸ್ಕ್ರೂವಿನ ಮುಂದೆ ನಿಂತು ನಾನು ನಂಬಲು ಬಯಸಿದುದೂ ಅದನ್ನೇ ಅಲ್ಲವೆ? ಆ ಬಾಲ್ಸು ಅಜ್ಜಿಯ ಪ್ರಾಣವನ್ನು ಉಳಿಸಿತ್ತು. ಮಳೆಯಲ್ಲಿ ಮಲಗಿ ಅದನ್ನಿಟ್ಟವನ ಕೈಗೆ ನಾನು ಇಂದಿಗೂ ನಮಸ್ಕರಿಸುತ್ತೇನೆ. ತಪ್ಪಾದುದು ಅದರ ಮಾರನೆಯ ದಿನ. ಮುಂದೆ ದಿನ ದಿನವೂ.

ಮಂಜು ಸರಿದ ಮೇಲೆ ಒಂದನೆಯ ಗೇರಿನಲ್ಲಿಯೇ, ಎತ್ತಿನ ಗಾಡಿಯ ವೇಗದಲ್ಲಿ ಇಳಿದೆವು. ಹಿಂದಿನಿಂದ ಬಂದ ವಾಹನಗಳವರು ಹಾರನ್ನು ಬಾರಿಸಿ, ಹಾಯ್ದು ಹೋಗುವಾಗ ಕಾರನ್ನು ಕಂಡು ನಕ್ಕು ಕೈಬೀಸಿದರು. ಘಟ್ಟದ ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಚಾಲಕರೆಲ್ಲ ಮಾಡುವಂತೆ ನಾವೂ ನಿಂತು ಕೈಮುಗಿದೆವು. ತಂದೆಯವರು ಬೇಗ ಕಣ್ಣು ತೆರೆಯಲಿಲ್ಲ. ಸೋಮಂತಡ್ಕದಲ್ಲಿ ಅಡಕೆ ತೋಟಗಳ ಸೆಕೆ ಮುಖಕ್ಕೆ ಬಡಿದಾಗಲೇ ನಾನು ನೆಟ್ಟಗೆ ಉಸಿರಾಡಿದುದು.

ಉಜಿರೆಯಲ್ಲಿ ಭಾವನವರ ಪರಿಚಯದ ಗ್ಯಾರೇಜು. ಮರುದಿನ ಬೆಳಗ್ಗೆ ಅಲ್ಲಿಯ ಯುವಕ ಹಿಂದಿನ ಆಕ್ಸಲಿನ ಮೇಲೆ ಪೈಪು ಕವಲೊಡೆಯುವ ಕಡೆ ನಟ್ಟು ಬಿಚ್ಚಿ, ಅಂಗೈಯನ್ನು ಚಾಚಿ ತೋರಿಸಿದನು. “ಇದೆಂತ ಮಾರಾಯ್ರೇ? ಸೈಕಲ್ಲಿನ ಬಾಲ್ಸ್! ಯಾವ ಪುಣ್ಯಾತ್ಮ ಇಟ್ಟದ್ದು?”

“ನಾನು ಇಡಿಸಿದ್ದು” ಎಂದರು ತಂದೆಯವರು.

ಹುಡುಗ ಅವರ ಮುಖವನ್ನು ನೋಡಿ ಮೆತ್ತಗಾದನು. “ಇರಲಿ ಮಾಷ್ಟ್ರೇ, ಎಲ್ಲರೂ ಮಾಡುವುದೇ” ಎಂದನು. ಪದ್ಮಿನಿಯ ಸಿಲಿಂಡರು ಮಂಗಳೂರಿನಿಂದ ಸಂಜೆಯ ಬಸ್ಸಿನಲ್ಲಿ ಬಂದಿತು. ಹೊಸ ಪೈಪು, ಹೊಸ ಆಯಿಲು. ಇಪ್ಪತ್ತಾರು ವರ್ಷಗಳ ಮೇಲೆ ಆ ಕಾರಿನ ನಾಲ್ಕು ಚಕ್ರಗಳೂ ಒಟ್ಟಿಗೆ ನಿಂತುವು. ಅಕ್ಕ ಹಿಂದಿನ ಸೀಟಿನಲ್ಲಿ ತನ್ನ ಹಳೆಯ ಕಿಟಕಿಯ ಪಕ್ಕ ಕುಳಿತು, ಊರೊಳಗೆ ಒಂದು ಸುತ್ತು ಹಾಕಿಸಿಕೊಂಡಳು.

ಹಿಂದಿರುಗುವಾಗ ತಂದೆಯವರು ಶಿರಾಡಿಯ ದಾರಿಯಲ್ಲಿ ಹೋಗೋಣವೆಂದರು. ಏಕೆಂದು ನಾನು ಕೇಳಲಿಲ್ಲ. ಘಟ್ಟವನ್ನೇರಿ ಸಕಲೇಶಪುರಕ್ಕೆ ಬಂದು, ತೋಟದ ದಾರಿ ಹಿಡಿದು, ರೈಟರ ಮನೆಯ ಅಂಗಳದಲ್ಲಿ ಕಾರನ್ನು ನಿಲ್ಲಿಸಿದೆವು. ರೈಟರಿಗೆ ಈಗ ಎಂಬತ್ತರ ಸಮೀಪ. ಕಾಫಿ ಬರುವ ಮೊದಲೇ ತಂದೆಯವರು ಎಲ್ಲವನ್ನೂ ಹೇಳಿ, ಜೇಬಿನಿಂದ ಆ ತುಕ್ಕು ಹಿಡಿದ ಬಾಲ್ಸನ್ನು ತೆಗೆದು ಮೇಜಿನ ಮೇಲಿಟ್ಟರು.

ರೈಟರು ಅದನ್ನು ಬೆರಳಿನಿಂದ ಉರುಳಿಸಿ ನೋಡಿದರು. “ಬಲಕ್ಕೆ ಎಳೆಯುತ್ತಿತ್ತು ಮೇಷ್ಟ್ರೇ. ಹತ್ತು ವರ್ಷ ಓಡಿಸಿದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಎಷ್ಟು ಸಲ ಹೋಗಿಬಂದೆ! ಕಾರಿನ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ” ಎಂದರು. ಆಮೇಲೆ ನಗಲು ಪ್ರಯತ್ನಿಸಿ, “ಸೋಪು ಮಾತ್ರ ನಾನು ಹಚ್ಚಿಸಿದ್ದು. ನಿಮ್ಮ ಹುಡುಗನಿಗೆ ನಾನೂ ಹೇಳಲಿಲ್ಲ” ಎಂದರು.

ಈಗ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ನೂರು ಪುಟದ ಒಂದು ನೋಟುಪುಸ್ತಕವಿದೆ. ಮೊದಲ ಪುಟದಲ್ಲಿ ತಂದೆಯವರ ದುಂಡನೆಯ ಅಕ್ಷರಗಳಲ್ಲಿ ಮೂರು ಸಾಲುಗಳಿವೆ: ೧೯೯೮ರಲ್ಲಿ ಮಾಡಿಸಿದ್ದು, ೧೯೯೯ರಲ್ಲಿ ಹೇಳದಿದ್ದದ್ದು, ೨೦೨೪ರಲ್ಲಿ ಸರಿಪಡಿಸಿದ್ದು. ಅದರ ಕೆಳಗೆ ನನ್ನ ಪಟ್ಟಿ. ಬಾಗಿಲ ಕೆಳಗಿನ ತಗಡು ಆಗಿದೆ. ಫ್ಯೂಸು ಆಗಿದೆ. ಥರ್ಮೋಸ್ಟಾಟು ಇನ್ನೂ ಸಿಕ್ಕಿಲ್ಲ. ಟ್ಯಾಂಕಿಗೆ ಸದ್ಯಕ್ಕೆ ಸೋಪೇ ಇದೆ. ಮಳೆಗಾಲಕ್ಕೆ ಮೊದಲು ಬದಲಾಯಿಸಬೇಕು. ಈ ಕಾರು ನನ್ನ ಕೈಯಿಂದ ಯಾರ ಕೈಗೆ ಹೋಗುವುದೋ ತಿಳಿಯದು. ಹೋಗುವ ದಿನ ಪುಸ್ತಕವೂ ಜೊತೆಯಲ್ಲಿ ಹೋಗುತ್ತದೆ.